ಒಂದು ಸಾಲಿನ ಕಮಾಂಡ್‌ಗೆ ಲ್ಯಾಪ್‌ಟಾಪ್ ಚುರುಕಾದೀತೇ?

ಪ್ರಶ್ನೆ: ನಮ್ಮದೊಂದು ಹೋಮ್‌ಸ್ಟೇ ಇದೆ. ಅತಿಥಿಗಳ ಬಿಲ್ಲು, ಕಾಫಿ ತೋಟದ ಕೂಲಿ ಲೆಕ್ಕ ಎಲ್ಲವೂ ಒಂದೇ ಲ್ಯಾಪ್‌ಟಾಪ್‌ನಲ್ಲಿ. ವಿಂಡೋಸ್ 11, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ಬಹಳ ನಿಧಾನ. ಅಕ್ಕನ ಮಗ ಒಂದು ಸಾಲಿನ ಕಮಾಂಡ್ ಕಳಿಸಿ, ‘ಪವರ್‌ಶೆಲ್‌ನಲ್ಲಿ ಅಂಟಿಸಿ ಎಂಟರ್ ಒತ್ತಿ, ಬೇಡದ್ದೆಲ್ಲ ಹೋಗುತ್ತದೆ’ ಎಂದಿದ್ದಾನೆ. ಒತ್ತಬಹುದೇ?
– ಓದುಗರು, ನಾಪೋಕ್ಲು

ಉತ್ತರ: ಲೆಕ್ಕಪತ್ರವಿರುವ ಲ್ಯಾಪ್‌ಟಾಪ್‌ನಲ್ಲಿ ಬೇಡ. ಪವರ್‌ಶೆಲ್ ಎಂದರೆ ವಿಂಡೋಸ್‌ಗೆ ಕಮಾಂಡ್‌ಗಳನ್ನು ಟೈಪಿಸಿ ಕೊಡುವ ಜಾಗ. ಆ ಸಾಲು ‘ಐಆರ್‌ಎಂ’ (irm) ಎಂದು ಶುರುವಾಗಿ ‘ಐಇಎಕ್ಸ್’ (iex) ಎಂದು ಮುಗಿಯುತ್ತಿರಬೇಕು, ನೋಡಿ. ಮೊದಲನೆಯದು ಇಂಟರ್ನೆಟ್‌ನಿಂದ ಸ್ಕ್ರಿಪ್ಟ್ (ಸಾಲುಸಾಲು ಕಮಾಂಡ್‌ಗಳ ಪಟ್ಟಿ) ತರುತ್ತದೆ, ಕೊನೆಯದು ತಂದ ತಕ್ಷಣ ಓಡಿಸುತ್ತದೆ. ನಡುವೆ ಓದಿ ನೋಡಲು ಬಿಡುವೇ ಇಲ್ಲ. ಹುಡುಗ ಹೋದ ತಿಂಗಳು ಓಡಿಸಿದ್ದು ಇವತ್ತೂ ಅದೇ ವಿಳಾಸದಲ್ಲಿ ಹಾಗೇ ಇದೆ ಎನ್ನಲೂ ಬರುವುದಿಲ್ಲ.

ಸ್ಕ್ರಿಪ್ಟ್ ಬರೆದವರೆಲ್ಲ ಕಳ್ಳರಲ್ಲ. ತೊಂದರೆ ಇರುವುದು ‘ಬೇಡದ್ದು’ ಯಾವುದು ಎಂಬಲ್ಲಿ. ಸ್ಕ್ರಿಪ್ಟ್ ಬರೆಯುವವರು ಪ್ರಿಂಟರ್ ಇಲ್ಲದವರಾದರೆ, ಪ್ರಿಂಟ್ ಕೆಲಸ ನಡೆಸುವ ಪ್ರಿಂಟ್ ಸ್ಪೂಲರ್ ಸರ್ವಿಸ್ ಅನ್ನು ನಿಲ್ಲಿಸಿಬಿಡುತ್ತಾರೆ; ನಿಮ್ಮಲ್ಲಿ ಮರುದಿನ ಬಿಲ್ಲೇ ಪ್ರಿಂಟಾಗದು. ವಿಂಡೋಸ್ ಅಪ್‌ಡೇಟ್ ನಿಂತರೆ ಲ್ಯಾಪ್‌ಟಾಪ್ ಹಗುರಾದಂತೆ ಅನ್ನಿಸುತ್ತದೆ, ಆದರೆ ಭದ್ರತೆಯ ತೇಪೆಗಳೂ ಬರುವುದಿಲ್ಲ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರಂತೂ, ಕಕ್ಕಡ ಮಾಸದ ಮಳೆಯಲ್ಲಿ ಕರೆಂಟು ಕೈಕೊಟ್ಟರೆ ಅರ್ಧ ಬದಲಾವಣೆ ಆಗಿ ಅರ್ಧ ಉಳಿದಿರುತ್ತದೆ.

ಕೈಯಿಂದಲೇ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ‘ಸ್ಟಾರ್ಟಪ್ ಆಪ್ಸ್’ನಲ್ಲಿ ಬೇಡದ ಆಪ್‌ಗಳನ್ನು ಡಿಸೇಬಲ್ ಮಾಡಿ. ಆಂಟಿವೈರಸ್, ಟಚ್‌ಪ್ಯಾಡ್, ಆಡಿಯೊ ಮುಟ್ಟಬೇಡಿ. ಆಟಗಳು, ಟ್ರಯಲ್ ಸಾಫ್ಟ್‌ವೇರ್‌ಗಳನ್ನು ಸೆಟ್ಟಿಂಗ್ಸ್‌ನ ‘ಆಪ್ಸ್’ನಿಂದ ತೆಗೆಯಿರಿ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರಾದರೆ ಆ ವೈಫೈ ಅನ್ನು ‘ಮೀಟರ್ಡ್ ಕನೆಕ್ಷನ್’ (ಡೇಟಾ ಮಿತಿಯ ಸಂಪರ್ಕ) ಮಾಡಿ; ಹಿನ್ನೆಲೆಯ ಡೌನ್‌ಲೋಡ್ ಬಹಳಷ್ಟು ತಗ್ಗುತ್ತದೆ. ನಿಜವಾದ ಮದ್ದು ಬೇಕೆಂದರೆ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ (ಅದಕ್ಕಿಂತ ಬಹಳ ವೇಗದ ಡ್ರೈವ್) ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಯಾವ ಸ್ಕ್ರಿಪ್ಟೂ ರ‍್ಯಾಮ್ ಹುಟ್ಟಿಸುವುದಿಲ್ಲ.

ಸ್ಕ್ರಿಪ್ಟೇ ಬೇಕೆಂದು ಹುಡುಗ ಹಟ ಹಿಡಿದರೆ, ಫೈಲಾಗಿ ಇಳಿಸಿ ನೋಟ್‌ಪ್ಯಾಡ್‌ನಲ್ಲಿ ತೆರೆದು ಸಾಲುಸಾಲಾಗಿ ಅರ್ಥ ಹೇಳಲಿ. ಓಡಿಸುವ ಮುನ್ನ ಲೆಕ್ಕದ ಫೈಲುಗಳು ಪೆನ್‌ಡ್ರೈವ್‌ಗೆ ಹೋಗಿರಬೇಕು. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರೀಸ್ಟೋರ್ ಪಾಯಿಂಟ್’ ಎಂದು ಹುಡುಕಿ, ಸಿ ಡ್ರೈವ್‌ಗೆ ಪ್ರೊಟೆಕ್ಷನ್ ಆನ್ ಮಾಡಿ (ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆಫ್ ಇರುತ್ತದೆ), ಪಾಯಿಂಟ್ ಮಾಡಿಟ್ಟುಕೊಳ್ಳಿ. ಅದು ಸೆಟ್ಟಿಂಗ್ ಮರಳಿಸುತ್ತದೆ, ಅಳಿಸಿಹೋದ ನಿಮ್ಮ ಫೈಲುಗಳನ್ನಲ್ಲ.

ಪ್ರಶ್ನೆ: ಇಂಥದ್ದೊಂದು ಸ್ಕ್ರಿಪ್ಟ್ ಓಡಿಸಿಯಾಗಿದೆ. ಮೈಕ್ರೋಸಾಫ್ಟ್ ಸ್ಟೋರ್ ಮಾಯ, ಅಪ್‌ಡೇಟ್ ಬರುತ್ತಿಲ್ಲ.
– ಓದುಗರು, ಸೋಮವಾರಪೇಟೆ

ಉತ್ತರ: ರೀಸ್ಟೋರ್ ಪಾಯಿಂಟ್ ಇದ್ದರೆ ಅದಕ್ಕೇ ಮರಳಿ. ಇಲ್ಲವಾದರೆ ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಹುಡುಕಿ ತೆರೆದು, ‘ವಿಂಡೋಸ್ ಅಪ್‌ಡೇಟ್’ನ ಸ್ಟಾರ್ಟಪ್ ಟೈಪ್ ಅನ್ನು ‘ಮ್ಯಾನ್ಯುಯಲ್’ಗೆ ತಂದು ಸ್ಟಾರ್ಟ್ ಒತ್ತಿ. ಸ್ಟೋರ್‌ಗಾಗಿ ‘ಡಬ್ಲ್ಯುಎಸ್‌ರೀಸೆಟ್’ ಕಮಾಂಡ್‌ಗೆ ‘-ಐ’ ಸೇರಿಸಿ (wsreset -i) ಓಡಿಸಿ ಸ್ವಲ್ಪ ಹೊತ್ತು ಕಾಯಿರಿ. ಯಾವುದಕ್ಕೂ ಜಗ್ಗದಿದ್ದರೆ ಸೆಟ್ಟಿಂಗ್ಸ್‌ನ ‘ರಿಕವರಿ’ಯಲ್ಲಿ ‘ರೀಸೆಟ್ ದಿಸ್ ಪಿಸಿ’, ಅದರಲ್ಲಿ ‘ಕೀಪ್ ಮೈ ಫೈಲ್ಸ್’. ಫೈಲುಗಳು ಉಳಿಯುತ್ತವೆ, ಲೆಕ್ಕದ ಸಾಫ್ಟ್‌ವೇರ್, ಪ್ರಿಂಟರ್ ಡ್ರೈವರ್ ಮತ್ತೆ ಹಾಕಿಕೊಳ್ಳಬೇಕು. ಲೈಸೆನ್ಸ್ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ.