ರಾಕ್ಷಸನೇ ಊಟಕ್ಕೆ ಕರೆದಾಗ

ನಿಮ್ಮ ಕಾದಂಬರಿಯ ರಾಕ್ಷಸನಿಗೆ ತಾಳೆಮರದ ಎತ್ತರ, ಉರಿಯುವ ಕಣ್ಣು, ಸಾವಿಲ್ಲದ ವರ ಎಲ್ಲವನ್ನೂ ಕೊಟ್ಟರೂ ಓದಿದವರು ಯಾರೂ ಹೆದರಲಿಲ್ಲ, ಕೊರತೆ ಎಲ್ಲಿದೆ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆ ಜಿಲ್ಲೆಯ ಬಾದಾಮಿಯವನು. ವಾತಾಪಿ ಎಂಬುದು ನಮ್ಮೂರಿನ ಹಳೆಯ ಹೆಸರು. ಗುಹೆಗಳ ಕೆಳಗಿನ ಕೆರೆಯನ್ನು ಇಂದಿಗೂ ಅಗಸ್ತ್ಯ ತೀರ್ಥ ಎನ್ನುತ್ತೇವೆ. ಆದ್ದರಿಂದ ನನಗೆ ಮೊದಲು ನೆನಪಾಗುವುದು ಇಲ್ವಲ ಮತ್ತು ವಾತಾಪಿ ಎಂಬ ಅಣ್ಣತಮ್ಮಂದಿರ ಕಥೆ.

ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದಲ್ಲಿ ಇಲ್ವಲನು ಬ್ರಾಹ್ಮಣನ ವೇಷ ತೊಟ್ಟು, ಸಂಸ್ಕೃತದಲ್ಲಿ ಮಾತನಾಡುತ್ತ, ಶ್ರಾದ್ಧದ ಊಟಕ್ಕೆಂದು ವಿಪ್ರರನ್ನು ಕರೆಯುತ್ತಾನೆ. ಟಗರಿನ ರೂಪ ತಾಳಿದ ತಮ್ಮನನ್ನೇ ಅಡುಗೆ ಮಾಡಿ ಬಡಿಸುತ್ತಾನೆ. ಅವರು ಉಂಡಾದ ಮೇಲೆ 'ವಾತಾಪಿ, ಹೊರಗೆ ಬಾ' ಎಂದು ಕರೆಯುತ್ತಾನೆ. ತಮ್ಮನು ಟಗರಿನಂತೆ ಅರಚುತ್ತ ಉಂಡವರ ಒಡಲನ್ನು ಸೀಳಿಕೊಂಡು ಬರುತ್ತಾನೆ.

ನಮ್ಮ ಅಜ್ಜಿ ಈ ಕಥೆಯನ್ನು, ಬೇಕೆಂದೇ ಇರಬೇಕು, ನಾವು ಊಟಕ್ಕೆ ಕುಳಿತಾಗಲೇ ಹೇಳುತ್ತಿದ್ದಳು. ವಾತಾಪಿಯನ್ನು ಕರೆಯುವಲ್ಲಿ ಅವಳು ದನಿ ಏರಿಸುತ್ತಿರಲಿಲ್ಲ. ಓಣಿಯಲ್ಲಿ ಆಡುತ್ತಿರುವ ತಮ್ಮನನ್ನು ದೀಪ ಹಚ್ಚುವ ಹೊತ್ತಿಗೆ ಮನೆಗೆ ಕರೆಯುವ ಅಕ್ಕರೆ ಅದರಲ್ಲಿ ಇರುತ್ತಿತ್ತು. ತಾಟಿನಲ್ಲಿದ್ದುದು ರೊಟ್ಟಿ ಮತ್ತು ಬದನೆಕಾಯಿ ಎಣಗಾಯಿ ಮಾತ್ರವಾದರೂ ನಾನು ತುತ್ತು ಬಿಟ್ಟು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ದೊಡ್ಡಾಟದಲ್ಲಿ ಅಬ್ಬರಿಸುತ್ತ ರಂಗಕ್ಕೆ ಬರುವ ರಕ್ಕಸನನ್ನು ಕಂಡಾಗ ಎದೆ ಒಮ್ಮೆ ಝಲ್ಲೆನ್ನುತ್ತಿದ್ದುದು ನಿಜ, ಆದರೆ ಎರಡನೆಯ ಪದ ಮುಗಿಯುವಷ್ಟರಲ್ಲಿ ಅವನ ಮೀಸೆ ನೋಡಿ ನಗುತ್ತಿದ್ದೆವು.

ಇಲ್ವಲನು ಬಾಗಿಲು ಮುರಿದು ಬರುವವನಲ್ಲ. ಪಿತೃಕಾರ್ಯದ ಕರೆಯನ್ನು ಒಲ್ಲೆ ಎನ್ನಲಾಗದ ನಮ್ಮ ನಡಾವಳಿಯೇ ಅವನ ಬಾಗಿಲು. ಅತಿಥಿಗೆ ಏನೂ ತಿಳಿದಿಲ್ಲ, ಕಥೆ ಕೇಳುವವನಿಗೆ ಎಲ್ಲವೂ ತಿಳಿದಿದೆ. ಹೀಗಾಗಿ 'ಇನ್ನೊಂದಿಷ್ಟು ಬಡಿಸಲೇ' ಎಂಬ ಉಪಚಾರದ ಮಾತೇ ಮೈ ನಡುಗಿಸುತ್ತದೆ. ಅಣ್ಣತಮ್ಮಂದಿರ ಪ್ರೀತಿಯೂ ಸುಳ್ಳಲ್ಲ ಎಂಬುದು ನನಗೆ ಎಲ್ಲಕ್ಕಿಂತ ಭಯಂಕರವಾಗಿ ಕಾಣುತ್ತದೆ, ಏಕೆಂದರೆ ಕೊಲ್ಲುವ ಕರೆಯೂ ಮಮತೆಯ ಕರೆಯೂ ಅಲ್ಲಿ ಒಂದೇ.

ದ್ವೇಷಕ್ಕೆ ಕಾರಣ ಬೇಕೆಂದರೆ ಮಹಾಭಾರತದ ವನಪರ್ವದಲ್ಲಿದೆ: ಇಂದ್ರನಿಗೆ ಸಮನಾದ ಮಗನನ್ನು ಕರುಣಿಸೆಂದು ಇಲ್ವಲ ಬೇಡಿದಾಗ ಒಬ್ಬ ಬ್ರಾಹ್ಮಣ ಒಪ್ಪಲಿಲ್ಲ. ವ್ಯಾಸರು ಅದನ್ನು ಎರಡು ಮಾತಿನಲ್ಲಿ ಮುಗಿಸಿದ್ದಾರೆ. ನೀವೂ ಅದಕ್ಕಾಗಿ ಮೂರು ಅಧ್ಯಾಯ ವ್ಯಯಿಸಬೇಡಿ.

ಕೊನೆಗೆ ಅಗಸ್ತ್ಯರು ವಾತಾಪಿಯನ್ನು ಉಂಡು ಅರಗಿಸಿಕೊಂಡರು. ಇಲ್ವಲ ಕರೆದ, ಯಾರೂ ಬರಲಿಲ್ಲ. ಆ ಗಳಿಗೆಯಲ್ಲಿ ನನಗೆ ರಾಕ್ಷಸನ ಮೇಲೆ ಅಯ್ಯೋ ಎನಿಸುತ್ತಿತ್ತು, ಆದರೆ ಅಜ್ಜಿಯ ಮುಂದೆ ಅದನ್ನು ಹೇಳಲು ಧೈರ್ಯವಾಗುತ್ತಿರಲಿಲ್ಲ.

ನಿಮ್ಮ ರಾಕ್ಷಸನನ್ನು ಮೊದಲು ಮನುಷ್ಯರ ಎತ್ತರಕ್ಕೆ ಇಳಿಸಿ. ಬಂದವರ ಕಾಲಿಗೆ ಅವನೇ ನೀರು ಕೊಡಲಿ. ಊಟವಾದ ಮೇಲೆ ಅವನು ಯಾರ ಹೆಸರು ಹಿಡಿದು ಕರೆಯುತ್ತಾನೆ ಎಂಬುದನ್ನು ನಿರ್ಧರಿಸಿಕೊಂಡು ಮತ್ತೆ ಬರೆಯಲು ಕುಳಿತುಕೊಳ್ಳಿ.