ಹದಿನಾಲ್ಕು ದಿನ ದಾಟಿದ ಕಾಮಾಲೆಗೆ ಬಿಸಿಲು ಮದ್ದಲ್ಲ

ಮಕ್ಕಳ ಯಕೃತ್ತಿನ ಕಾಯಿಲೆಗಳ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಊರು ಮತ್ತು ಹೆಸರು ಬದಲಿಸಿಕೊಂಡು ಪ್ರತಿ ತಿಂಗಳೂ ಬರುತ್ತದೆ. ಅದು ಬರುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಆದ್ದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ಸೊಸೆ ಬಾಣಂತನಕ್ಕೆ ಕುಂದಾಪುರದ ತವರಿಗೆ ಹೋಗಿದ್ದಾಳೆ. ಮೊಮ್ಮಗನಿಗೆ ಇಂದಿಗೆ 48 ದಿನ. ಹಾಲು ಚೆನ್ನಾಗಿ ಕುಡಿಯುತ್ತಾನೆ, ತೂಕವೂ ಏರಿದೆ. ಕಣ್ಣಿನ ಹಳದಿ ಮಾತ್ರ ಹೋಗಿಲ್ಲ, ಮಲ ಬಿಳಿಚಿಕೊಂಡಿದೆ. ಎಳೆಬಿಸಿಲಿಗೆ ಹಿಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮೂರು ತಿಂಗಳು ತುಂಬಿ ಮುಂಬಯಿಗೆ ಬಂದ ಮೇಲೆ ತೋರಿಸಿದರೆ ಸಾಕೇ? – ಡೊಂಬಿವಲಿಯ ಓದುಗರು

ಸಾಲದು, ತಾಯಿ. ನಾಳೆ ಬೆಳಿಗ್ಗೆಯೇ ಮಗುವಿನ ರಕ್ತ ಪರೀಕ್ಷೆಯಾಗಬೇಕು. ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್‌ನ ಒಟ್ಟು ಪ್ರಮಾಣವನ್ನಷ್ಟೇ ಬರೆದುಕೊಟ್ಟರೆ ಪ್ರಯೋಜನವಿಲ್ಲ, ಅದರಲ್ಲಿ ಯಕೃತ್ತು ಸಂಸ್ಕರಿಸಿದ ಭಾಗವಾದ ಡೈರೆಕ್ಟ್ ಬಿಲಿರುಬಿನ್ ಎಷ್ಟೆಂದು ಪ್ರತ್ಯೇಕವಾಗಿ ಕೇಳಿ ಪಡೆಯಿರಿ. ಅದು ಡೆಸಿಲೀಟರ್‌ಗೆ 1 ಮಿಲಿಗ್ರಾಂ ದಾಟಿದ್ದರೆ, ಇದು ಹುಟ್ಟಿದ ಮಕ್ಕಳಿಗೆಲ್ಲ ಬಂದು ಹೋಗುವ ಕಾಮಾಲೆಯಲ್ಲ. ಬಿಸಿಲಾಗಲಿ, ಆಸ್ಪತ್ರೆಯ ನೀಲಿ ದೀಪವಾಗಲಿ ಈ ಬಗೆಯ ಕಾಮಾಲೆಯನ್ನು ಇಳಿಸುವುದಿಲ್ಲ.

ಮಲದ ಬಣ್ಣವನ್ನು ನೀವು ಪತ್ರದ ನಡುವೆ ಎಲ್ಲೋ ಬರೆದಿದ್ದೀರಿ, ನಾನು ಮೊದಲು ಓದಿದ್ದು ಅದನ್ನೇ. ಮಲಕ್ಕೆ ಹಳದಿ ಅಥವಾ ಹಸಿರು ಬಣ್ಣ ಬರುವುದು ಪಿತ್ತದಿಂದ. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಸುಣ್ಣದಂತೆ, ಜೇಡಿಮಣ್ಣಿನಂತೆ ಕಾಣುತ್ತದೆ, ಮತ್ತು ಬಣ್ಣವೇ ಇರಬಾರದ ಎಳೆಗೂಸಿನ ಮೂತ್ರ ಬಟ್ಟೆಯ ಮೇಲೆ ಹಳದಿ ಕಲೆ ಬಿಡುತ್ತದೆ. ಇದಕ್ಕೆ ಕಾರಣಗಳು ಹಲವು, ಆದರೆ ನಾವು ಮೊದಲು ಅಂಜುವುದು ಬಿಲಿಯರಿ ಅಟ್ರೀಸಿಯಾಕ್ಕೆ, ಅಂದರೆ ಯಕೃತ್ತಿನಿಂದ ಹೊರಡುವ ಪಿತ್ತನಾಳಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಮುಚ್ಚಿಹೋಗುವ ಕಾಯಿಲೆಗೆ. ಮೊದಲ ತಿಂಗಳುಗಳಲ್ಲಿ ಇಂಥ ಮಗು ಗುಂಡುಗುಂಡಾಗಿ, ನಗುನಗುತ್ತಲೇ ಇರುತ್ತದೆ. ಆ ನಗುವನ್ನು ನೋಡಿ ಮನೆಯವರು ಮಾತ್ರವಲ್ಲ, ಕೆಲವು ವೈದ್ಯರೂ ಸಮಾಧಾನಪಟ್ಟುಕೊಳ್ಳುತ್ತಾರೆಂಬುದು ನನ್ನ ದೊಡ್ಡ ನೋವು.

ಜಪಾನಿನ ಶಸ್ತ್ರಚಿಕಿತ್ಸಕ ಮೊರಿಯೊ ಕಸಾಯಿ 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆಯಲ್ಲಿ, ಮುಚ್ಚಿದ ನಾಳಗಳನ್ನು ತೆಗೆದು, ಕರುಳಿನ ಒಂದು ತುಂಡನ್ನು ನೇರವಾಗಿ ಯಕೃತ್ತಿನ ಬಾಯಿಗೆ ಹೊಲಿದು ಪಿತ್ತಕ್ಕೆ ದಾರಿ ಮಾಡುತ್ತಾರೆ. ಸುಮಾರು 60 ದಿನಗಳೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು, 90 ದಿನ ದಾಟಿದಂತೆ ಅದು ಬಹಳ ಕುಗ್ಗುತ್ತದೆ. ನಿಮ್ಮ ಮೊಮ್ಮಗನ ಕೈಯಲ್ಲಿರುವುದು ಹನ್ನೆರಡು ದಿನ. ಶಸ್ತ್ರಚಿಕಿತ್ಸೆ ಫಲಿಸಿದ ಮಕ್ಕಳಲ್ಲೂ ಅನೇಕರಿಗೆ ಮುಂದೆ ಯಕೃತ್ ಕಸಿ ಬೇಕಾಗಬಹುದು, ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿಯವರೆಗೆ ಸಿಗುವ ವರ್ಷಗಳಲ್ಲಿ ಮಗು ಬೆಳೆಯುತ್ತದೆ, ಲಸಿಕೆಗಳು ಮುಗಿಯುತ್ತವೆ. ಚಿಕಿತ್ಸೆಯೇ ಇಲ್ಲದಿದ್ದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ.

ಮುಂಬಯಿಗೆ ಬರುವವರೆಗೆ ಏಕೆ ಕಾಯಬೇಕು? ಮಣಿಪಾಲ, ಮಂಗಳೂರುಗಳಲ್ಲಿ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಒಂದು ವಾರಕ್ಕೆ ಒಂದು ಪರೀಕ್ಷೆಯಂತೆ ಹಂಚಿಕೊಡುವ ಕಡೆ ನಿಲ್ಲಬೇಡಿ. ಮಗುವನ್ನು ದಾಖಲಿಸಿಕೊಂಡು ರಕ್ತ ಪರೀಕ್ಷೆ, ಬರಿಹೊಟ್ಟೆಯ ಸ್ಕ್ಯಾನ್, ಅಗತ್ಯವಿದ್ದರೆ ಯಕೃತ್ತಿನ ಚೂರು ತೆಗೆದು ನೋಡುವ ಬಯಾಪ್ಸಿಯವರೆಗೆ ಬೆನ್ನುಬೆನ್ನಿಗೆ ಮುಗಿಸುವ ಕಡೆ ಹೋಗಿ. ವಿಟಮಿನ್ ಕೆ ಚುಚ್ಚುಮದ್ದನ್ನು ಮೊದಲ ದಿನವೇ ಕೇಳಿ. ಪಿತ್ತವಿಲ್ಲದೆ ಆ ವಿಟಮಿನ್ ಮೈಗೆ ಹತ್ತುವುದಿಲ್ಲ, ಅದರ ಕೊರತೆಯಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ ಬಂದ ಕೂಸುಗಳನ್ನು ನಾನು ನೋಡಿದ್ದೇನೆ.

ಬಾಣಂತನದ ಪದ್ಧತಿಯನ್ನು ನಾನು ದೂರುತ್ತಿಲ್ಲ. ಆದರೆ ಹೆರಿಗೆ ಒಂದೂರಿನಲ್ಲಿ, ಮಕ್ಕಳ ವೈದ್ಯರು ಇನ್ನೊಂದೂರಿನಲ್ಲಿ ಆದಾಗ ನಡುವಿನ ಮೂರು ತಿಂಗಳು ಮಗುವನ್ನು ಯಾರೂ ಹಗಲು ಬೆಳಕಿನಲ್ಲಿ ಸರಿಯಾಗಿ ನೋಡಿರುವುದಿಲ್ಲ. ಹುಟ್ಟಿ 14 ದಿನ ಕಳೆದರೂ ಹಳದಿ ಉಳಿದಿದ್ದರೆ, ಎಲ್ಲಿದ್ದೀರೋ ಅಲ್ಲೇ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಊರಿನಲ್ಲಿ ಕಾಮಾಲೆಗೆ ಹೊಟ್ಟೆಯ ಮೇಲೆ ಬರೆ ಹಾಕುವವರಿದ್ದಾರೆ, ಬೇರಿನ ರಸವನ್ನೂ ಕೊಡುತ್ತಾರೆ. ಕರೆದೊಯ್ಯಬಹುದೇ? – ವಾಸ್ಕೊ

ಬೇಡ. ಕೂಸಿನ ಮೈ ಸುಡುವುದು ವೈದ್ಯವಲ್ಲ, ಹಿಂಸೆ. ತಾನಾಗಿ ಇಳಿಯುವ ಕಾಮಾಲೆಯನ್ನು ತಾವು ಇಳಿಸಿದೆವೆಂದು ಹೆಸರು ಮಾಡಿದವರು, ಇಳಿಯದ ಮಗುವಿನ ಅಮೂಲ್ಯ ದಿನಗಳನ್ನು ತಿಂದುಬಿಡುತ್ತಾರೆ.

ಪ್ರಶ್ನೆ: ಎಂಟು ತಿಂಗಳ ಮಗಳಿಗೆ ಯಕೃತ್ತಿನ ಭಾಗ ಕೊಟ್ಟರೆ ನನ್ನ ಹೆಂಡತಿ ಜೀವನವಿಡೀ ನಿಶ್ಶಕ್ತಳಾಗುತ್ತಾಳೆಯೇ? – ಪುಣೆ

ಇಲ್ಲ. ಇಷ್ಟು ಚಿಕ್ಕ ಮಗುವಿಗೆ ದೊಡ್ಡವರ ಯಕೃತ್ತಿನ ಸುಮಾರು ಐದನೇ ಒಂದು ಭಾಗ ಸಾಕಾಗುತ್ತದೆ, ಉಳಿದದ್ದು ಕೆಲವೇ ತಿಂಗಳಲ್ಲಿ ಬೆಳೆದುಕೊಳ್ಳುತ್ತದೆ. ಕೊಡುವವರಿಗೂ ಅದು ದೊಡ್ಡ ಶಸ್ತ್ರಚಿಕಿತ್ಸೆಯೇ, ಅಪಾಯ ಕಡಿಮೆಯಾದರೂ ಸೊನ್ನೆಯಲ್ಲ. ಆದರೆ ಈ ಪ್ರಶ್ನೆ ಏಕೆ ಯಾವಾಗಲೂ ಹೆಂಡತಿಯ ಬಗ್ಗೆಯೇ ಬರುತ್ತದೆ? ನೀವೂ ತಪಾಸಣೆ ಮಾಡಿಸಿಕೊಳ್ಳಿ. 2011ರ ತಿದ್ದುಪಡಿಯ ನಂತರ ಅಂಗಾಂಗ ಕಸಿಯ ಕಾನೂನು ಅಜ್ಜ ಅಜ್ಜಿಯರನ್ನೂ ಹತ್ತಿರದ ಸಂಬಂಧಿಕರೆಂದು ಒಪ್ಪುತ್ತದೆ.

ಪ್ರಶ್ನೆ: ಯಕೃತ್ತಿನ ಕಾಯಿಲೆಯ ಮಗುವಿಗೆ ಎಣ್ಣೆ, ತುಪ್ಪ ಪೂರ್ತಿ ನಿಲ್ಲಿಸಬೇಕೇ? – ಠಾಣೆ

ನಿಲ್ಲಿಸಬೇಡಿ. ಈ ಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚು ಆಹಾರ ಬೇಕು. ತೆಂಗಿನೆಣ್ಣೆಯ ಜಿಡ್ಡಿನ ಒಂದಂಶ ಪಿತ್ತದ ನೆರವಿಲ್ಲದೆಯೂ ಮೈಗೆ ಹತ್ತುತ್ತದೆ. ಎಷ್ಟು ಬೆರೆಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನೆ: ಮಗುವಿನ ಹಾಲನ್ನು ತಾಮ್ರದ ಪಾತ್ರೆಯಲ್ಲಿ ಕಾಯಿಸಿದರೆ ಯಕೃತ್ತಿಗೆ ಒಳ್ಳೆಯದಂತೆ, ನಿಜವೇ? – ಪಿಂಪ್ರಿ

ನಿಜವಲ್ಲ, ಮತ್ತು ಪುಣೆಗೆ ಅಂಟಿಕೊಂಡ ನಿಮ್ಮ ಊರಿನಿಂದಲೇ ಈ ಪ್ರಶ್ನೆ ಬಂದದ್ದು ನನಗೆ ನೋವು ತಂದಿತು. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿದ ಹಾಲಿನ ತಾಮ್ರಕ್ಕೂ ಎಳೆಯ ಮಕ್ಕಳನ್ನು ಕೊಲ್ಲುತ್ತಿದ್ದ, ಯಕೃತ್ತು ಗಟ್ಟಿಯಾಗಿ ಹಾಳಾಗುವ ಸಿರೋಸಿಸ್‌ಗೂ ನಂಟಿದೆ ಎಂದು 1980ರ ದಶಕದಲ್ಲಿ ತೋರಿಸಿದವರಲ್ಲಿ ಪುಣೆಯ ಮಕ್ಕಳ ವೈದ್ಯರೇ ಇದ್ದರು. ಆ ಪಾತ್ರೆಗಳು ಅಡುಗೆಮನೆಯಿಂದ ಹೋದಂತೆ ಆ ಕಾಯಿಲೆಯೂ ಅಪರೂಪವಾಯಿತು. ಮಗುವಿನ ಹಾಲಿಗೆ ಸ್ಟೀಲ್ ಪಾತ್ರೆಯನ್ನೇ ಬಳಸಿ.