ಸಂಘದ ಕೆಲಸ ಮೂವರ ತಲೆಗೇ ಬಿದ್ದಾಗ

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಸಂಘ ಇದೆ. 140 ಸದಸ್ಯರು. ಹೋದ ವರ್ಷ ನನ್ನನ್ನು ಕಾರ್ಯದರ್ಶಿ ಮಾಡಿದರು. ಮಹಾಸಭೆಗೆ 20 ಜನ ಬಂದರೆ ಹೆಚ್ಚು. ಹಾಲ್ ಬುಕ್ ಮಾಡುವುದರಿಂದ ಹಿಡಿದು ಊಟದ ಎಲೆ ತರುವವರೆಗೆ ನಾವು ಮೂರೇ ಜನ. ಹೊಸಬರನ್ನು ಸಮಿತಿಗೆ ಕರೆದರೆ ‘ಟೈಮಿಲ್ಲ’ ಅನ್ನುತ್ತಾರೆ. ಹತ್ತು ವರ್ಷ ಅಧ್ಯಕ್ಷರಾಗಿದ್ದ ಹಿರಿಯರು ಏನು ಮಾಡಿದರೂ ತಪ್ಪು ಹುಡುಕುತ್ತಾರೆ. ಏನು ಮಾಡಲಿ?

ಉತ್ತರ: ‘ಟೈಮಿಲ್ಲ’ ಅಂದರೆ ನಂಬಿ. ಬೆಳಿಗ್ಗೆ ಏಳಕ್ಕೆ ಲೋಕಲ್ ರೈಲು ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವವರು ಅವರು. ‘ಸಮಿತಿಗೆ ಬನ್ನಿ’ ಅಂದರೆ ವರ್ಷಗಟ್ಟಲೆ ಹೊರಬೇಕಾದ ಹೊರೆ ಕಣ್ಣಿಗೆ ಬರುತ್ತದೆ, ಅಲ್ವಾ?

ಅದರ ಬದಲು ಒಂದೇ ಒಂದು ಕೆಲಸ ಕೊಡಿ. ‘ರಾಜ್ಯೋತ್ಸವದ ದಿನ ಮಕ್ಕಳ ಹಾಡಿನ ಸ್ಪರ್ಧೆ ನಿಮ್ಮದು. 5,000 ರೂಪಾಯಿ ಇದೆ. ಮಾರನೇ ದಿನ ಬಿಲ್ಲು ಕೊಟ್ಟರೆ ಮುಗಿಯಿತು.’ ಇದನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ‘ಯಾರಾದರೂ ಬನ್ನಿ’ ಅಂದರೆ ಯಾರೂ ಬರುವುದಿಲ್ಲ. ಒಬ್ಬರಿಗೇ ಫೋನ್ ಮಾಡಿ, ಹೆಸರು ಹಿಡಿದು ಕೇಳಿ. ಒಪ್ಪಿಕೊಂಡ ಮೇಲೆ ನಡುವೆ ಕೈ ಹಾಕಬೇಡಿ. ಮೈಕಿನ ಬಾಡಿಗೆ ಇನ್ನೂರು ರೂಪಾಯಿ ಜಾಸ್ತಿಯಾಗಲಿ, ಬಹುಮಾನ ನಿಮಗೆ ಹಿಡಿಸದೇ ಇರಲಿ, ಸುಮ್ನೆ ಇರಿ. ಓಡಾಟ ಅವರಿಗೆ, ತೀರ್ಮಾನ ನಮಗೆ ಅಂತಾದರೆ ಮುಂದಿನ ಸಲ ಅವರು ಫೋನ್ ಎತ್ತುವುದಿಲ್ಲ. ಚಿಕ್ಕ ಸಂಘಗಳು ಸೊರಗುವುದು ದುಡ್ಡಿಲ್ಲದೆ ಅಲ್ಲ, ಹೀಗೆ ಜನರನ್ನು ಕಳೆದುಕೊಂಡು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಹಾಸಭೆಯನ್ನು ಭಾನುವಾರ ಇಡುತ್ತೀರಾ? ಹಳಿ ರಿಪೇರಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಕಲ್ಯಾಣ್, ಠಾಣೆಯಿಂದ ಯಾರು ಬಂದಾರು? ಶನಿವಾರ ಸಂಜೆ ಇಟ್ಟು ನೋಡಿ. ಲೆಕ್ಕಪತ್ರವನ್ನು ಒಂದೇ ಹಾಳೆಯಲ್ಲಿ ಮೊದಲೇ ಕಳಿಸಿ. ಭಾಷಣ ಕಡಿಮೆ ಮಾಡಿ.

ಇನ್ನು ಹಿರಿಯರ ಮಾತು. ಅವರ ಮನೆಗೆ ಹೋಗಿ. ವಾದಕ್ಕಲ್ಲ, ಕೇಳಿಸಿಕೊಳ್ಳಲು. ಹತ್ತು ವರ್ಷ ಯಾರು ದೇಣಿಗೆ ಕೊಟ್ಟರು, ಹಾಲ್ ಹೇಗೆ ಸಿಕ್ಕಿತು, ಯಾವ ಜಗಳ ಹೇಗೆ ತೀರಿತು ಎಂಬುದೆಲ್ಲ ಅವರ ತಲೆಯಲ್ಲಿದೆ. ಬರೆದುಕೊಳ್ಳಿ. ತಾವು ಕಟ್ಟಿದ್ದನ್ನು ಎಲ್ಲರೂ ಮರೆತರು ಎಂಬ ನೋವೇ ಬಹಳ ಸಲ ಟೀಕೆಯಾಗಿ ಹೊರಗೆ ಬರುತ್ತದೆ. ಗೌರವ ಮನಸ್ಸಿನಿಂದ ಕೊಡಿ. ಆದರೆ ಚೆಕ್ಕಿನ ಸಹಿ ಹೊಸಬರದ್ದೇ ಇರಲಿ. ಮುಂಬೈನ ಮಾಟುಂಗಾದ ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಕಟ್ಟಿದವರ ಕಾಲ ಮುಗಿದ ಮೇಲೂ ಅದು ಉಳಿದದ್ದು ಕೈಯಿಂದ ಕೈಗೆ ದಾಟಿದ್ದರಿಂದ.

ಸಹಿ ಅಂದೆನಲ್ಲ, ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಿಮ್ಮ ಸಂಘ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಣಿಯಾಗಿದ್ದರೆ, ಪದಾಧಿಕಾರಿಗಳು ಬದಲಾದ 90 ದಿನದೊಳಗೆ ಟ್ರಸ್ಟುಗಳ ಮೇಲ್ವಿಚಾರಣೆ ನೋಡುವ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್, ಅಂದರೆ ಬದಲಾವಣೆಯ ವರದಿ, ಕೊಡಬೇಕು. ನಾನು ಕಾರ್ಯದರ್ಶಿಯಾಗಿದ್ದಾಗ ಎರಡು ಅವಧಿಯದ್ದು ಬಾಕಿ ಉಳಿದಿತ್ತು. ಬ್ಯಾಂಕಿನಲ್ಲಿ ಸಹಿ ಬದಲಿಸಲು ಹೋದಾಗಲೇ ಗೊತ್ತಾದದ್ದು. ಹಳೆಯ ಕೋಶಾಧಿಕಾರಿ ಆಗಲೇ ಊರಿಗೆ ಹೋಗಿ ನೆಲೆಸಿದ್ದರು. ಕಾಗದಪತ್ರ ಸರಿಯಾಗುವಷ್ಟರಲ್ಲಿ ತಿಂಗಳುಗಳೇ ಕಳೆದವು. ಆ ವರ್ಷದ ಮಕ್ಕಳ ವಿದ್ಯಾರ್ಥಿವೇತನ ತಡವಾಯಿತು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ನಿಮ್ಮ ಸಮಿತಿಯ ಚೇಂಜ್ ರಿಪೋರ್ಟ್ ಹೋಗಿದೆಯಾ ಎಂದು ಈ ವಾರವೇ ಫೈಲ್ ತೆಗೆದು ನೋಡಿ. ಹೋಗಿರದಿದ್ದರೆ ತಡವಾದ ಕಾರಣ ಬರೆದು ಅರ್ಜಿ ಸೇರಿಸಿ ಕೊಡಲು ಅವಕಾಶ ಇದೆ.